ತೊಗರಿಗೆ ಕೀಡಿ ಬಿದ್ದ ವರ್ಷ

ಬೆಂಕಿಗೆ ಇನ್ನೆರಡು ತೊಗರಿಕಟ್ಟಿಗೆ ಹಾಕಿ, ಹೇಳುತ್ತೇನೆ. ಇದು 1997ರ ಚಳಿಗಾಲದ ಮಾತು.

ಆ ವರ್ಷ ಭಾಲ್ಕಿ, ಔರಾದ್ ಕಡೆ ತೊಗರಿ ಹೂವಿಗೆ ಬರುವ ಹೊತ್ತಿಗೆ ಮೋಡ ಮುಚ್ಚಿಕೊಂಡಿತು. ಮೋಡ ಕವಿದರೆ ಕೀಡಿ ಬೀಳುತ್ತದೆ ಎಂಬುದು ನಮ್ಮವರಿಗೆ ಹೊಸದಲ್ಲ. ಆದರೆ ಅಷ್ಟು ಕೀಡಿಯನ್ನು ನಮ್ಮ ಮುತ್ಯಾ ಕೂಡ ಕಂಡಿರಲಿಲ್ಲ. ಕಾಯಿಗೆ ದುಂಡನೆಯ ತೂತು ಕೊರೆದು, ತಲೆಯನ್ನಷ್ಟೇ ಒಳಗೆ ತೂರಿಸಿ, ಮೈಯನ್ನು ಹೊರಗೆ ಬಿಟ್ಟು ಕಾಳು ತಿನ್ನುತ್ತಿದ್ದವು. ಹಸಿರು, ಕಂದು, ಗುಲಾಬಿ, ಕಪ್ಪು, ಒಂದೇ ಗಿಡದಲ್ಲಿ ಎಲ್ಲ ಬಣ್ಣದವೂ ಇದ್ದವು. ಬಣ್ಣಕ್ಕೊಂದು ಎಣ್ಣೆ ಹೊಡೆಯಬೇಕು ಎಂದು ಯಾರೋ ಔರಾದಿನ ನಮ್ಮ ಕಾಕಾನ ತಲೆಗೆ ತುಂಬಿದ್ದರು. ಸಾಲ ತಂದು ಡಬ್ಬಿ ಮೇಲೆ ಡಬ್ಬಿ ಹೊಡೆದರು. ಕೀಡಿ ಸಾಯಲಿಲ್ಲ.

ಎಳ್ಳ ಅಮಾವಾಸ್ಯೆಗೆ ಬೀದರಿನಿಂದ ನಮ್ಮ ಸೋದರತ್ತೆ ಬಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದವರು. ಹೊಲಕ್ಕೆ ಚರಗ ಚೆಲ್ಲಿದ ಮರುದಿನ ಮನೆಮಂದಿಯೆಲ್ಲ ಸಾಲುಗಳ ನಡುವೆ ತಾಡಪತ್ರಿ ಹಾಸಿ, ತೊಗರಿ ಗಿಡ ಹಿಡಿದು ಅಲ್ಲಾಡಿಸಿದೆವು. ಉದುರಿದ ಕೀಡಿ ರಾಶಿಯಾಯಿತು. ಕೋಳಿಗಳು ಓಡಿ ಬಂದವು. ಆ ರಾಶಿಯಿಂದ ಅತ್ತೆ ಬಣ್ಣಕ್ಕೊಂದರಂತೆ ಆರಿಸಿ, ತಳಕ್ಕೆ ಮಣ್ಣು ಹಾಕಿದ ಬೇರೆ ಬೇರೆ ಬಾಟಲಿಗಳಲ್ಲಿ ಬಿಟ್ಟರು. ಒಂದರಲ್ಲೇ ಇಟ್ಟರೆ ಇವು ಒಂದನ್ನೊಂದು ತಿಂದುಬಿಡುತ್ತವಂತೆ.

ಬೀದರಿನ ಅವರ ಮನೆಯಲ್ಲಿ ಕೀಡಿಗಳು ಎಳೆ ಕಾಯಿ ತಿಂದು ಬಲಿತು, ಮಣ್ಣಿನೊಳಗೆ ಇಳಿದು ಕಂದು ಕೋಶವಾದವು. ಎರಡು ವಾರಕ್ಕೆ ಹೊರಬರಬೇಕಾದವು ಚಳಿಗೆ ತಡಮಾಡಿದವು. ಕೊನೆಗೆ ರಾತ್ರಿ ಹೊತ್ತು ಒಂದೊಂದೇ ಪತಂಗ ಎದ್ದು ಬಂತು. ನಾನು ಬಾಟಲಿಗೆ ಮೂಗು ಹಚ್ಚಿ ಕೂತಿದ್ದೆ. ಹಸಿರು ಕೀಡಿಯದೂ ಕಪ್ಪು ಕೀಡಿಯದೂ ಒಂದೇ ಜಾತಿ! ಮುಂದಿನ ರೆಕ್ಕೆಯ ಮೇಲೆ ಮೂತ್ರಪಿಂಡದ ಆಕಾರದ ಕಪ್ಪು ಗುರುತು; ಹಿಂದಿನ ರೆಕ್ಕೆ ಬಿಳಿಚು, ಅದರ ಅಂಚಿಗೆ ಅಗಲವಾದ ಕಪ್ಪು ಪಟ್ಟಿ. ಹಸಿರು ಛಾಯೆಯದು ಗಂಡು, ಕಂದು ಕೇಸರಿಯದು ಹೆಣ್ಣು. ಕೀಡಿ ಇದ್ದಾಗಿನ ಬಣ್ಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಹೆಲಿಕೋವರ್ಪಾ ಆರ್ಮಿಜೆರಾ ಎಂದು ಅತ್ತೆ ಹಲಗೆಯ ಮೇಲೆ ಬರೆದು ತೋರಿಸಿದರು. ಅಷ್ಟು ಚೆಂದದ ರೆಕ್ಕೆಯನ್ನು ನೋಡಿ ಸಿಟ್ಟೂ ಬಂತು, ಕಣ್ಣೂ ಕೀಳಲಾಗಲಿಲ್ಲ.

ಕಾಕಾ ಬಂದಾಗ ಅತ್ತೆ ಬಾಟಲಿ ಮುಂದಿಟ್ಟು ಹೇಳಿದ್ದು ನನಗೆ ಇನ್ನೂ ನೆನಪಿದೆ: "ಅಣ್ಣಾ, ಬಣ್ಣ ನೋಡಬ್ಯಾಡ. ಇವೆಲ್ಲಾ ಒಂದೇ ಕುಲ. ಸಂಜೀಕ ಮೊಗ್ಗಿನ ಮ್ಯಾಲ ಒಂದೊಂದೇ ತತ್ತಿ ಇಡ್ತದ, ಗಸಗಸಿಗಿಂತ ಸಣ್ಣದು. ಒಂದು ಹೆಣ್ಣು ಸಾವಿರ ಇಟ್ಟೀತು. ಮೂರರಿಂದ ಐದು ದಿನಕ್ಕ ಮರಿ. ಆಗ ಹಿಡದರ ಹಿಡದಂಗ. ಕಾಯಿ ಹೊಕ್ಕಮ್ಯಾಲ ಎಣ್ಣಿ ಮುಟ್ಟಂಗಿಲ್ಲ." ಹೊಡೆದ ಎಣ್ಣೆಯನ್ನೇ ಮತ್ತೆ ಮತ್ತೆ ಹೊಡೆದರೆ ತಾಳಿಕೊಳ್ಳುವ ಶಕ್ತಿ ಅವಕ್ಕೆ ಬಂದುಬಿಡುತ್ತದೆ ಎಂದೂ ಹೇಳಿದರು. ಕಾಕಾ ಬಹಳ ಹೊತ್ತು ಮಾತಾಡಲಿಲ್ಲ.

1998ರಲ್ಲಿ ಸಾಲ ತಾಳಲಾರದೆ ನಮ್ಮ ಜಿಲ್ಲೆಯ ರೈತರು ಜೀವ ಕಳೆದುಕೊಂಡರು. ಬೀದರಿನ ಹೆಸರು ದೇಶದ ಪತ್ರಿಕೆಗಳಲ್ಲಿ ಬಂದದ್ದು ಆ ಕಾರಣಕ್ಕೆ. ಸೋತ ಬೆಳೆಯ ಹಿಂದೆ ಸಾಲ, ದರ, ಮಳೆ ಎಲ್ಲವೂ ಇದ್ದವು. ಪತಂಗವೊಂದರ ಮೇಲೆ ಎಲ್ಲವನ್ನೂ ಹೊರಿಸಲು ನಾನು ಒಪ್ಪುವುದಿಲ್ಲ.

ಆ ಬೇಸಿಗೆಯಲ್ಲಿ ಕಾಕಾ ಹೊಲವನ್ನು ಆಳವಾಗಿ ಉಳುಮೆ ಮಾಡಿಸಿದರು. ಮಣ್ಣಿನೊಳಗಿನ ಕೋಶಗಳು ಮೇಲೆ ಬಂದು ಬಿಸಿಲಿಗೆ ಒಣಗಿದವು, ಉಳಿದದ್ದನ್ನು ಹಕ್ಕಿಗಳು ಹೆಕ್ಕಿದವು. ಮುಂಗಾರಿಗೆ ತೊಗರಿಯ ನಡುವೆ ಜೋಳ ಬಿತ್ತಿದರು, ತೆನೆಗೆ ಬಂದು ಕೂತ ಹಕ್ಕಿ ಕೀಡಿಯನ್ನೂ ಹೆಕ್ಕಲಿ ಎಂದು. ಭಾಲ್ಕಿಯ ಬೀಗರು ಬಂದು ನೋಡಿ, ಮರುವರ್ಷ ತಾವೂ ಹಾಗೆಯೇ ಬಿತ್ತಿದರು.