ಕೊಕರ್‌ನಾಗ್‌ನ ಚಳಿಗಾಲದ ಬಾಣಂತನ

ಕಾಶ್ಮೀರ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ದಾಲ್ ಸರೋವರ, ಶಿಕಾರಾ ದೋಣಿ, ಸೇಬಿನ ತೋಟ, ಸಿನಿಮಾದವರು ಕುಣಿಯುವ ಹೂವಿನ ಬಯಲು. ಅದೆಲ್ಲ ಬೇಸಿಗೆಯ ಕಾಶ್ಮೀರ. ನಾನು ಈ ಸಲ ನಿಮ್ಮನ್ನು ಕರೆದೊಯ್ಯುವುದು ಜನವರಿಯ ಕಾಶ್ಮೀರಕ್ಕೆ. "ಅಯ್ಯೋ, ಆ ಚಳಿಯಲ್ಲಿ ಯಾರು ಹೋಗ್ತಾರೆ!" ಅಂತೀರಾ? ನಮ್ಮ ಮನೆಯಲ್ಲೂ ಅದನ್ನೇ ಅಂದರು.

ಡಿಸೆಂಬರ್ 21ರಿಂದ ಜನವರಿ ಕೊನೆಯವರೆಗಿನ 40 ದಿನಗಳಿಗೆ ಅಲ್ಲಿಯವರು ಇಟ್ಟ ಹೆಸರು ಚಿಲ್ಲಯ್ ಕಲಾನ್, ಎಂದರೆ ದೊಡ್ಡ ಚಳಿ. ಅದು ಮುಗಿದ ಮೇಲೆ 20 ದಿನ ಸಣ್ಣ ಚಳಿ, 10 ದಿನ ಮರಿ ಚಳಿ. ಬೆಳಗ್ಗೆ ಎದ್ದರೆ ನಲ್ಲಿಯಲ್ಲಿ ನೀರಿಲ್ಲ, ಕೊಳವೆಯೊಳಗೇ ಹೆಪ್ಪುಗಟ್ಟಿರುತ್ತದೆ. ಹೆಂಗಸರು, ಗಂಡಸರು ಎಲ್ಲರೂ ಫೇರನ್ ಎಂಬ ಉದ್ದನೆಯ ಉಣ್ಣೆ ನಿಲುವಂಗಿ ತೊಟ್ಟು, ಅದರೊಳಗೆ ಬೆತ್ತದ ಬುಟ್ಟಿಯಲ್ಲಿಟ್ಟ ಕೆಂಡದ ಮಡಕೆ ಹಿಡಿದುಕೊಂಡೇ ಓಡಾಡುತ್ತಾರೆ. ಅದೇ ಕಾಂಗ್ಡಿ. ನನಗೂ ಒಂದು ಕೊಟ್ಟರು. ಸೆರಗು ಸುಟ್ಟುಕೊಳ್ಳದೆ ಅದನ್ನು ಹಿಡಿಯುವುದೇ ಒಂದು ವಿದ್ಯೆ!

ಅನಂತನಾಗ್‌ನಿಂದ ಸುಮಾರು 25 ಕಿಲೋಮೀಟರ್ ಹೋದರೆ ಕೊಕರ್‌ನಾಗ್. ಇಲ್ಲಿ 'ನಾಗ್' ಅಂದರೆ ಹಾವಲ್ಲ, ನೀರಿನ ಚಿಲುಮೆ. ಬೆಟ್ಟದ ಬುಡದಿಂದ ಕೋಳಿಯ ಕಾಲುಗುರುಗಳಂತೆ ಕವಲಾಗಿ ನೀರು ಉಕ್ಕುತ್ತದೆ. ಸುತ್ತ ಹಿಮ ಬಿದ್ದಿದ್ದರೂ ಈ ನೀರು ಹೆಪ್ಪುಗಟ್ಟುವುದಿಲ್ಲ. ಬೇಸಿಗೆಯಲ್ಲಿ ಬಿಸಿಯಾಗುವುದೂ ಇಲ್ಲ. ಅದಕ್ಕೇ 1984ರಲ್ಲಿ ಯುರೋಪಿನ ದೇಶಗಳ ನೆರವಿನಿಂದ ಇಲ್ಲಿ ಟ್ರೌಟ್ ಮೀನಿನ ದೊಡ್ಡ ಸಾಕಣೆ ಕೇಂದ್ರ ಶುರುವಾಯಿತು.

ಟ್ರೌಟ್ ಈ ನಾಡಿನ ಮೀನಲ್ಲ. ಗಾಳ ಹಾಕುವ ಶೋಕಿಗೆ ಬಿಳಿಯ ಸಾಹೇಬರು ತಂದದ್ದು. 1899ರಲ್ಲಿ ಇಂಗ್ಲೆಂಡಿನಿಂದ ಹೊರಟ ಮೊಟ್ಟೆಗಳೆಲ್ಲ ದಾರಿಯಲ್ಲೇ ಕೆಟ್ಟುಹೋದವು. ಮರುವರ್ಷ ಸ್ಕಾಟ್ಲೆಂಡಿನಿಂದ ಬಂದವು ಬದುಕಿಕೊಂಡವು. ಅವನ್ನು ಜೋಪಾನ ಮಾಡಿದವನು ಮಿಚೆಲ್ ಎಂಬಾತ. ಶ್ರೀನಗರದಲ್ಲಿ ರತ್ನಗಂಬಳಿ ಕಾರ್ಖಾನೆ ಇಟ್ಟುಕೊಂಡಿದ್ದವನು!

ಉಳಿದ ಜೀವಗಳೆಲ್ಲ ಮುದುಡಿ ಕೂತಿರುವ ಈ ಚಳಿಯಲ್ಲೇ ಟ್ರೌಟ್‌ಗೆ ಹೆರಿಗೆ ಕಾಲ. ಕೆಲಸದವರು ತುಂಬಿದ ಹೆಣ್ಣು ಮೀನನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು, ಹೊಟ್ಟೆಯನ್ನು ಮೃದುವಾಗಿ ನೀವುತ್ತಾರೆ. ಕಿತ್ತಳೆ ಬಣ್ಣದ ಸಾಬಕ್ಕಿಯ ಹಾಗೆ ಮೊಟ್ಟೆಗಳು ಒಣ ಬೋಗುಣಿಗೆ ಜಾರುತ್ತವೆ. ಒಂದು ಕಿಲೋ ತೂಕದ ಮೀನಿಗೆ ಸುಮಾರು 1,500ರಿಂದ 2,000 ಮೊಟ್ಟೆ. ಗಂಡು ಮೀನಿನ ಹಾಲನ್ನು ಅದರ ಮೇಲೆ ಹಿಂಡಿ, ಹಕ್ಕಿಯ ಗರಿಯಿಂದ ಕಲಸುತ್ತಾರೆ. ಬೋಗುಣಿ ಒಣಗಿರಲೇಬೇಕು. ಮೊದಲೇ ನೀರು ತಾಗಿದರೆ ಮೊಟ್ಟೆ ಫಲಿಸುವುದಿಲ್ಲ.

ಆಮೇಲೆ ಹರಿಯುವ ನೀರಿನ ತಟ್ಟೆಗಳಲ್ಲಿ ಹರಡುತ್ತಾರೆ. ದಿನಾ ನೋಡಿ, ಬೆಳ್ಳಗಾದ ಕೆಟ್ಟ ಮೊಟ್ಟೆಯನ್ನು ಚಿಮಟದಿಂದ ಆರಿಸಬೇಕು. ನಾವು ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೇ ಅನ್ನಿ. ಬಿಟ್ಟರೆ ಬೂಷ್ಟು ಹತ್ತಿ ಪಕ್ಕದ್ದೂ ಹಾಳು. ಕೆಲವು ವಾರಕ್ಕೆ ಮೊಟ್ಟೆಯೊಳಗೆ ಎರಡು ಕರಿ ಚುಕ್ಕೆ ಕಾಣುತ್ತವೆ. ಮರಿಯ ಕಣ್ಣುಗಳು! ಅದನ್ನು ನೋಡಿ ನನಗಂತೂ ಮೈ ಜುಮ್ಮೆಂದಿತು.

ನಾವು ಹೋದ ದಿನವೇ ಹಿಂದಿನ ವರ್ಷದ ಮರಿಗಳನ್ನು ಹೊಳೆಗೆ ಬಿಡುವುದಿತ್ತು. ಇಷ್ಟು ಚಳಿಯಲ್ಲಿ ಬಿಟ್ಟರೆ ಸಾಯೋದಿಲ್ವೇ ಅಂತ ಕೇಳಿದೆ. ಅವರು ನಕ್ಕರು. ತಣ್ಣೀರಿನಲ್ಲಿ ಪ್ರಾಣವಾಯು ಹೆಚ್ಚು ಕರಗಿರುತ್ತದಂತೆ, ಮೀನಿನ ಮೈಯೂ ನಿಧಾನವಾಗಿರುವುದರಿಂದ ಅದಕ್ಕೆ ಉಸಿರು ಕಡಿಮೆ ಸಾಕಂತೆ. ಹೀಗಾಗಿ ಸಾಗಿಸುವಾಗ ಬಳಲುವುದು ಕಡಿಮೆ. ಅಪಾಯ ಇರುವುದು ಗಾಳಿಯಲ್ಲಿ. ಸೊನ್ನೆಗಿಂತ ಕೆಳಗಿನ ಗಾಳಿಯಲ್ಲಿ ಬಲೆ ಎತ್ತಿ ಹಿಡಿದರೆ ಕ್ಷಣಗಳಲ್ಲಿ ಕಿವಿರು ಹೆಪ್ಪುಗಟ್ಟಬಹುದು. ಆದ್ದರಿಂದ ಬಿಸಿಲೇರಿದ ಮೇಲೆ, ನೀರಿನ ಚೀಲದ ಸಮೇತ ಹೊಳೆಯಲ್ಲಿ ತೇಲಬಿಟ್ಟು, ಸ್ವಲ್ಪ ಸ್ವಲ್ಪವೇ ಹೊಳೆ ನೀರು ಸೇರಿಸುತ್ತಾ ಹೋದರು. ಎಳೆಗೂಸಿನ ಸ್ನಾನಕ್ಕೆ ನೀರು ಹದ ಮಾಡಿದಂತೆ! ಆಮೇಲೆ ಸೆಳೆತವಿಲ್ಲದ ಮಡುವಿನಲ್ಲಿ ಚೀಲ ಬಗ್ಗಿಸಿದರು. ಮರಿಗಳು ಒಂದು ಗಳಿಗೆ ದಿಕ್ಕು ತೋಚದೆ ನಿಂತು, ಸರ್ರನೆ ಕಲ್ಲುಗಳ ಸಂದಿಗೆ ಜಾರಿದವು.

ಹತ್ತಿರದ ಹಳ್ಳಿಯಲ್ಲಿ ಒಬ್ಬ ಅಕ್ಕ ಸರ್ಕಾರದ ಸಹಾಯಧನದಿಂದ ಎರಡು ಉದ್ದನೆಯ ಸಿಮೆಂಟ್ ತೊಟ್ಟಿ ಕಟ್ಟಿಸಿ ಟ್ರೌಟ್ ಸಾಕುತ್ತಾರೆ. ಮಕ್ಕಳ ಶಾಲೆ ಫೀಸು ಅದರಿಂದಲೇ. ನಮಗೆ ಉಪ್ಪು ಹಾಕಿದ ಗುಲಾಬಿ ಬಣ್ಣದ ಚಹಾ ಕೊಟ್ಟು ಕೂರಿಸಿ, ತೊಟ್ಟಿಗೆ ನೀರು ಬೀಳುವ ಜಾಗ ತೋರಿಸಿದರು. "ಮೊದಲು ನನ್ನ ತೋಳಿನಷ್ಟು ದಪ್ಪ ಬೀಳ್ತಿತ್ತು, ಈಗ ನೋಡಿ," ಎಂದು ಹೆಬ್ಬೆರಳು ಎತ್ತಿ ಹಿಡಿದರು. ಹಿಮ ಸರಿಯಾಗಿ ಬೀಳದಿದ್ದರೆ ಚಿಲುಮೆಗೆ ನೀರೆಲ್ಲಿಂದ? 2024ರ ಜನವರಿಯಲ್ಲಿ ಗುಲ್ಮಾರ್ಗವೇ ಬೋಳಾಗಿತ್ತು. 2025ರ ಫೆಬ್ರವರಿಯಲ್ಲಿ ಅಚ್ಛಾಬಲ್‌ನ ಮೊಗಲರ ತೋಟದ ಹಳೆಯ ಚಿಲುಮೆ ಬತ್ತಿಹೋಗಿ ಜನ ಕಂಗಾಲಾದರು. ಚಳಿಗೆ ಬೈದುಕೊಳ್ಳುತ್ತಾ ಹೋದ ನಾನು, "ಇನ್ನೂ ಹಿಮ ಬೀಳಲಿ ಅಂತ ನೀವೂ ಬೇಡಿಕೊಳ್ಳಿ" ಎಂದ ಆ ಅಕ್ಕನ ಮುಂದೆ ಸುಮ್ಮನಾದೆ.

ಕಾಶ್ಮೀರಿ ಪಂಡಿತರ ಮನೆಗಳಲ್ಲಿ ಪುಷ್ಯ ಮಾಸದಲ್ಲಿ ಒಂದು ದಿನ ಮನೆದೇವರಿಗೆ ಮೀನು ಮತ್ತು ಅನ್ನದ ನೈವೇದ್ಯವಿಡುವ ಪದ್ಧತಿ ಇದೆ. ಮೀನಿನ ಜೊತೆಗೆ ತಾವರೆ ದಂಟು ಇಲ್ಲವೇ ಮೂಲಂಗಿ ಸೇರಿಸಿ, ಸಾಸಿವೆ ಎಣ್ಣೆಯಲ್ಲಿ ಸೋಂಪಿನ ಪುಡಿ, ಒಣಶುಂಠಿ ಪುಡಿ ಹಾಕಿ ಬೇಯಿಸುತ್ತಾರೆ. ಮೀನು ತಿನ್ನದವರು ತಾವರೆ ದಂಟನ್ನೊಂದೇ ಹೀಗೆ ಮಾಡಿ ನೋಡಿ, ಚಪಾತಿಗೆ ಸೊಗಸು.

ಹೋಗುವುದಾದರೆ, 2025ರ ಜೂನ್‌ನಿಂದ ಕಟ್ರಾದಿಂದ ಶ್ರೀನಗರಕ್ಕೆ ರೈಲಿದೆ. ಸೀರೆಯೊಳಗೆ ಉಣ್ಣೆಯ ಪೈಜಾಮ, ಎರಡು ಜೊತೆ ಕಾಲುಚೀಲ, ತುಟಿಗೆ ಹಚ್ಚಲು ತುಪ್ಪ ಮರೆಯಬೇಡಿ. ಮಂಜಿನ ದಿನ ರಸ್ತೆ ಮುಚ್ಚುವುದುಂಟು, ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಹಿಮ ಬಿತ್ತೆಂದು ಗೊಣಗಬೇಡಿ. ಅಲ್ಲಿ ಯಾರದೋ ಮನೆಯ ತೊಟ್ಟಿ ತುಂಬುತ್ತಿರುತ್ತದೆ.