ಇಂಟರ್ವಲ್ ಆದಮೇಲಿನ ಹೆಂಗಸರು

ನಮ್ಮ ಜಿಲ್ಲೆಯ ಗಂಡಸರಿಗೆ ಸಿನಿಮಾದವರು ಏನೂ ಕಮ್ಮಿ ಮಾಡಿಲ್ಲ. 1994ರಲ್ಲೇ ‘ಮಂಡ್ಯದ ಗಂಡು’ ಬಂತು. 2001ರ ‘ದಿಗ್ಗಜರು’ ಚಿತ್ರದಲ್ಲಿ ವಿಷ್ಣುವರ್ಧನ್, ಅಂಬರೀಶ್ ಹೆಗಲಿಗೆ ಹೆಗಲು ಕೊಟ್ಟು ನಿಂತಮೇಲೆ ‘ಕುಚಿಕು’ ಅನ್ನುವುದು ಆಟೊ ಬೆನ್ನಿನಿಂದ ಮದುವೆಯ ಫ್ಲೆಕ್ಸಿನವರೆಗೆ ಹರಡಿತು. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಅದೇ ಅಂಬರೀಶ್‌ಗೆ ವಯಸ್ಸಾದಾಗ, ಅದಕ್ಕೂ 2018ರಲ್ಲಿ ಒಂದು ಸಿನಿಮಾ: ‘ಅಂಬಿ ನಿಂಗ್ ವಯಸ್ಸಾಯ್ತೋ’. ನಮಗೂ ವಯಸ್ಸಾಯಿತು. ವಿಚಾರಿಸಿಕೊಂಡವರು ಮಂಡಿನೋವಿನ ಡಾಕ್ಟರು ಮಾತ್ರ.

ನಮಗೆ ಎಂದರೆ ಮೂವರಿಗೆ. ಮಂಡ್ಯದ ಕಾಲೇಜಿನಲ್ಲಿ ಒಂದೇ ಬೆಂಚು. ಆಮೇಲೆ ಒಬ್ಬಳನ್ನು ಮದ್ದೂರಿಗೆ ಕೊಟ್ಟರು, ಇನ್ನೊಬ್ಬಳನ್ನು ಮಳವಳ್ಳಿಗೆ. ನನ್ನನ್ನು ಮಂಡ್ಯದಲ್ಲೇ ಒಂದು ಬೀದಿಯಿಂದ ಇನ್ನೊಂದು ಬೀದಿಗೆ. 1987ರಲ್ಲಿ ‘ಪ್ರೇಮಲೋಕ’ ಬಂದಾಗ ‘ಸ್ಪೆಷಲ್ ಕ್ಲಾಸ್’ ಎಂದು ಮನೆಯಲ್ಲಿ ಹೇಳಿ ಟಾಕೀಸಿಗೆ ಹೋಗಿದ್ದೆವು. ಇಂಟರ್ವಲ್‌ನಲ್ಲಿ ಲೈಟು ಹತ್ತಿದರೆ ಹಿಂದಿನ ಸಾಲಿನಲ್ಲಿ ನನ್ನ ಸೋದರಮಾವ! ಅವನೋ, ಕಬ್ಬಿನ ಬಿಲ್ಲು ಕೇಳಲು ಫ್ಯಾಕ್ಟರಿಗೆ ಹೋಗುತ್ತೇನೆಂದು ಅತ್ತೆಗೆ ಹೇಳಿ ಬಂದವನು. ಇಬ್ಬರೂ ಒಬ್ಬರನ್ನೊಬ್ಬರು ಕಾಣಲಿಲ್ಲವೆಂದು ಕಣ್ಣಿನಲ್ಲೇ ಒಪ್ಪಂದವಾಯಿತು. ಗಂಡಸೊಬ್ಬ ಮನೆಯಲ್ಲಿ ನೆವ ಹೇಳಿ ಹೊರಟದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅವರಿಗೆ ಅದರ ಅಗತ್ಯವೇ ಇಲ್ಲ. ನನ್ನ ಯಜಮಾನರು ಸಂಜೆ ಚಪ್ಪಲಿ ಮೆಟ್ಟುತ್ತಾರೆ. ‘ಎಲ್ಲಿಗೆ?’ ಅಂದರೆ ‘ಇಲ್ಲೇ’ ಅನ್ನುತ್ತಾರೆ. ಆ ‘ಇಲ್ಲೇ’ಯಲ್ಲಿ ಟೀ ಅಂಗಡಿ, ಸ್ನೇಹಿತನ ಗದ್ದೆ, ಒಮ್ಮೊಮ್ಮೆ ಮೈಸೂರು ಎಲ್ಲವೂ ಅಡಕ. ನಾವೋ, ಗೆಳತಿಯನ್ನು ನೋಡಬೇಕೆಂದು ಮದ್ದೂರಿಗೆ ಹೊರಟೆವೆಂದು ಈವರೆಗೆ ಬಾಯಿಬಿಟ್ಟು ಹೇಳಿಲ್ಲ. ಕಣ್ಣಿನ ಪರೀಕ್ಷೆ, ಬ್ಲೌಸು, ಗೃಹಪ್ರವೇಶ, ಮುತ್ತತ್ತಿಯ ಹರಕೆ, ಯಾರದೋ ತಿಥಿ. ಕೇಳುವವರೇ ಇಲ್ಲದ ಈ ಕಾಲದಲ್ಲೂ ಮಳವಳ್ಳಿಯವಳು ಹೊರಡುವಾಗ ಒಂದು ನೆವ ಸಿದ್ಧ ಮಾಡಿಕೊಳ್ಳುತ್ತಾಳೆ. ಅತ್ತೆ ಹೋಗಿ ವರ್ಷಗಳಾದವು. ಫೋಟೊಗೆ ಹೇಳಿ ಹೊರಡುತ್ತಾಳೆ.

ತಿಥಿ ಎಂದಾಗ ನೆನಪಾಯಿತು. ನೊದೆಕೊಪ್ಪಲಿನ ಜನರನ್ನೇ ಹಾಕಿಕೊಂಡು ರಾಮ್ ರೆಡ್ಡಿ ಮಾಡಿದ ‘ತಿಥಿ’ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದು ಬಂತು. ನೂರೊಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಮಗ ಗಡ್ಡಪ್ಪ ಬ್ರಾಂದಿ ಹಿಡಿದು ಅಲೆಯುತ್ತಾನೆ. ಮೊಮ್ಮಗ ಜಮೀನು ಮಾರಲು ಒದ್ದಾಡುತ್ತಾನೆ. ಮರಿಮಗ ಕುರಿಗಾಹಿ ಹುಡುಗಿಯ ಹಿಂದೆ. ನಾವು ಮೂವರೂ ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಹೊರಗೆ ಬಂದಮೇಲೆ ಮದ್ದೂರಿನವಳು ಕೇಳಿದ್ದು ಒಂದೇ ಮಾತು: ‘ಅಲ್ಲ ಕಣಮ್ಮಿ, ಆ ತಿಥಿ ಅಡಿಗೇಗೆ ಈರುಳ್ಳಿ ಹೆಚ್ಚಿದೋರು ಯಾರು? ಅವ್ರೇನು ಮಾತಾಡ್ಕೊಂಡ್ರು?’

ಅವಳ ಪ್ರಶ್ನೆಯಲ್ಲಿ ಇನ್ನೊಂದು ಸಿನಿಮಾವೇ ಇತ್ತು. ಅವಳ ಮೊಮ್ಮಗುವಿನ ನಾಮಕರಣ ಬಿದ್ದದ್ದು ಅವರೆಕಾಯಿ ಕಾಲದಲ್ಲಿ. ಮನೆತುಂಬ ಕೆಲಸವಿದ್ದರೂ ನಾವು ಮೂವರು ಆರಿಸಿಕೊಂಡದ್ದು ಹಿದುಕುವ ಕೆಲಸ, ಏಕೆಂದರೆ ಅದು ಬೇಗ ಮುಗಿಯುವುದಿಲ್ಲ. ನೆನೆದ ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿದರೆ ಸಿಪ್ಪೆ ಬೆರಳಲ್ಲಿ ಉಳಿದು ಬೇಳೆ ಬೋಗುಣಿಗೆ ಹಾರಬೇಕು. ಹಳೆಯ ಲೆಕ್ಚರರ ನಡಿಗೆಯನ್ನು ಮಳವಳ್ಳಿಯವಳು ಕೂತಲ್ಲೇ ಮಾಡಿ ತೋರಿಸಿದಾಗ ಮದ್ದೂರಿನವಳ ಗುರಿ ತಪ್ಪಿ, ಬೇಳೆ ಸೀದಾ ಬೀಗಿತ್ತಿಯ ಕನ್ನಡಕಕ್ಕೆ. ಅವರು ತೆಗೆದು ಒರೆಸಿಕೊಂಡರು. ಆಮೇಲೆ ತಾವೂ ಒಂದು ಮಣೆ ಎಳೆದುಕೊಂಡು ಕೂತರು.

ಮದ್ದೂರು ವಡೆಯ ಬಗ್ಗೆ ಒಂದು ಕಥೆಯಿದೆ. 1917ರಲ್ಲಿ ಸ್ಟೇಷನ್ನಿನಲ್ಲಿ ಪಕೋಡ ಮಾರುತ್ತಿದ್ದ ರಾಮಚಂದ್ರ ಬುದ್ಯರು, ರೈಲು ಬೇಗ ಬಂದುಬಿಟ್ಟಿತೆಂದು ಹಿಟ್ಟನ್ನು ಚಪ್ಪಟೆ ತಟ್ಟಿ ಎಣ್ಣೆಗೆ ಬಿಟ್ಟರಂತೆ. ನಮ್ಮ ಸ್ನೇಹವೂ ಆ ವಡೆಯ ಜಾತಿಯದೇ. ಇರುವ ಹೊತ್ತಿಗೆ ತಕ್ಕಂತೆ ತಟ್ಟಿಕೊಂಡದ್ದು, ಅದಕ್ಕೇ ಗರಿಗರಿ.

2023ರ ಜೂನ್ 11ರಿಂದ ನಮ್ಮಲ್ಲಿ ಹೆಂಗಸರಿಗೆ ಬಸ್ಸು ಫ್ರೀ ಆಯಿತು. ಅದೇ ತಿಂಗಳ ಕೊನೆಗೆ ಮರಾಠಿಯಲ್ಲಿ ‘ಬಾಯಿಪಣ್ ಭಾರೀ ದೇವಾ’ ಬಂತು. ಕೇದಾರ್ ಶಿಂಧೆಯವರ ಚಿತ್ರ. ದೂರವಾಗಿದ್ದ ಆರು ಜನ ಅಕ್ಕತಂಗಿಯರು, ಬಹುಪಾಲು ನಮ್ಮ ವಯಸ್ಸಿನವರೇ, ಮಂಗಳಾಗೌರಿ ಆಟದ ಸ್ಪರ್ಧೆಗೆ ಒಟ್ಟಾಗುವ ಕಥೆ. ಹೆಂಗಸರು ಗುಂಪುಕಟ್ಟಿಕೊಂಡು ಬಂದು ಪರದೆಯ ಮುಂದೆಯೇ ಕುಣಿದರು. ಅಂದರೆ ಅವರಿಗೆ ಸಿನಿಮಾ ಸಿಕ್ಕಿತು, ನಮಗೆ ಬಸ್ಸು ಸಿಕ್ಕಿತು. ಮಂಗಳಗೌರಿ ನಮ್ಮಲ್ಲೂ ಇದ್ದಾಳೆ. ಕ್ಯಾಮೆರಾ ತಂದವರಿಲ್ಲ.

ಆ ಕೊರತೆ ತುಂಬಲೆಂದೇ ಕಳೆದ ವಾರ ಮದ್ದೂರಿನ ಹೋಟೆಲಿನಲ್ಲಿ ಕೂತು ನಾವು ಕಥೆ ಕಟ್ಟಿದೆವು. ಮೂವರು ಗೆಳತಿಯರು ಗಗನಚುಕ್ಕಿ ನೋಡಲು ಹೋಗುತ್ತಾರೆ, ಅಷ್ಟೆ. ‘ಅಷ್ಟೇನಾ?’ ಎಂದೆ. ಮಳವಳ್ಳಿಯವಳಿಗೆ ರೇಗಿತು: ‘ನಮ್ಮ ತಾಲ್ಲೂಕಲ್ಲೇ ಅದೆ. ಎಷ್ಟು ಸಲ ಹೋಗಿವ್ನಿ! ಒಂದ್ಸಲಾನೂ ನೆಟ್ಟಗೆ ನೀರು ನೋಡಿಲ್ಲ. ಪುಳಿಯೋಗರೆ ಡಬ್ಬಿ, ಮಕ್ಕಳ ಬಟ್ಟೆ, ಎಲ್ರ ಚಪ್ಲಿ ಕಾಯೋದೇ ಆಯ್ತು. ಈ ಸಿನಿಮಾದಲ್ಲಿ ಡಬ್ಬಿ ಇರಬಾರ್ದು.’ ಡಬ್ಬಿ ತೆಗೆದುಹಾಕಿದೆವು.

ನಾಯಕಿಯರು? ‘ಆನಂದ್’ ಬಂದಾಗ ನಮ್ಮ ಜೊತೆಗೇ ಹುಡುಗಿಯಾಗಿದ್ದ ಸುಧಾರಾಣಿ ಇರಲೇಬೇಕು. ಆಕೆ ಈಗಾಗಲೇ ಧಾರಾವಾಹಿಯಲ್ಲಿ ಈ ವಯಸ್ಸಿಗೆ ಇನ್ನೊಂದು ಮದುವೆಯಾಗಿ ನಮ್ಮ ರಾತ್ರಿ ಅಡಿಗೆ ತಡಮಾಡಿಸಿದವರು. ತಾರಾ ಸರಿ. ಶ್ರುತಿ ಬೇಡ, ಅಳಿಸುತ್ತಾರೆ ಎಂದೆ. ‘ಪಾಪ, ಒಂದು ಕಾಲ ಪೂರ್ತಿ ನಮ್ಮ ಪರವಾಗಿ ಅತ್ತವ್ಳೆ. ಈಗ ವಸಿ ನಗ್ಲಿ ಬುಡು’ ಎಂದಳು ಮದ್ದೂರಿನವಳು. ಪಾಸಾಯಿತು.

ಕೊನೆಗೆ ನಿರ್ಮಾಪಕರ ಪ್ರಶ್ನೆ. ಐವತ್ತು ದಾಟಿದ ಮೂವರು ಹೆಂಗಸರು ನೀರು ನೋಡುವುದಕ್ಕೆ ದುಡ್ಡು ಹಾಕುವ ಧೈರ್ಯ ಯಾರಿಗಿದೆ? ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವ ಮಳವಳ್ಳಿಯವಳು ವಡೆ ಮುರಿಯುತ್ತಾ ಹೇಳಿದಳು:

‘ಸಂಘದಲ್ಲಿ ಸಾಲ ಎತ್ತಾನ.’

‘ಉದ್ದೇಶ ಬರೀಬೇಕಲ್ಲ?’

‘ಹಸ ತರಕ್ಕೆ ಅಂತ ಬರೀತೀನಿ.’

‘ಎಷ್ಟು ಹಸ ಅಂತ ಕೇಳಿದ್ರೆ?’

‘ಮೂರು ಅಂತೀನಿ. ವಯಸ್ಸಾಗವೆ, ಹಗ್ಗ ಕಿತ್ಕತವೆ ಅಂತ್ಲೂ ಬರೀತೀನಿ. ಸುಳ್ಳು ಯಾಕೆ ಬರೀಬೇಕು?’