ಕಪಾಟಿನಲ್ಲಿರುವ ಬಾಳಿನ ಕಥೆಗಳು

ಗ್ರಂಥಾಲಯಕ್ಕೆ ಬರುವ ಓದುಗರು ಕಾದಂಬರಿಗಳ ಜೊತೆಗೆ ಜೀವನಚರಿತ್ರೆಗಳನ್ನೂ ಕೇಳಿ ಪಡೆಯಬೇಕೆಂಬುದು ನನ್ನ ಬಹುದಿನಗಳ ಬಿನ್ನಹ. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯಿಂದ ಜಹೀರಾಬಾದ, ನಾರಾಯಣಖೇಡಗಳೂ ಗುಲ್ಬರ್ಗಾ ಜಿಲ್ಲೆಯಿಂದ ತಾಂಡೂರೂ ಬೇರ್ಪಟ್ಟವು. ಅನೇಕರ ಮನೆಮಾತು ಮಾತ್ರ ಕನ್ನಡವಾಗಿಯೇ ಉಳಿಯಿತು. ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಪಾಠ ಕಲಿಯುವ ನಮ್ಮ ಮಕ್ಕಳಿಗೆ ಕನ್ನಡ ಪುಸ್ತಕ ಕೊಡುವಾಗ ಆಯ್ಕೆಯಲ್ಲಿ ಎಚ್ಚರ ಬೇಕು.

ನಾನು ಮೊದಲು ಕೊಡುವುದು ಸಿದ್ಧಲಿಂಗಯ್ಯನವರ ‘ಊರುಕೇರಿ’. ಬಡತನ, ಅವಮಾನಗಳನ್ನು ಅವರು ನಗಿಸುತ್ತಲೇ ಹೇಳುತ್ತಾರೆ. ಓದುವಾಗ ತಡವರಿಸುವ ಹುಡುಗನೂ ಅದನ್ನು ಅರ್ಧಕ್ಕೆ ಬಿಡುವುದಿಲ್ಲ. ಎರಡನೆಯದು ಗಿರೀಶ ಕಾರ್ನಾಡರ ‘ಆಡಾಡತ ಆಯುಷ್ಯ’. 2011ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಪ್ರಕಟಿಸಿತು. ಕಾರ್ನಾಡರ ಮನೆಮಾತು ಕೊಂಕಣಿ. ನಾಟಕಗಳನ್ನು ಬರೆದದ್ದು ಕನ್ನಡದಲ್ಲಿ. ತೆಲುಗು, ಉರ್ದು, ಮರಾಠಿಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಇಂಥ ಬಾಳು ಧೈರ್ಯ ಕೊಡುತ್ತದೆ.

ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ಚರಿತ್ರೆಯಂತೂ ನಮ್ಮ ನೆರೆಯದೇ. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ತೂಗಿಸಿ, ಒಳಗೆ ಕನ್ನಡ ಕಲಿಸಿದ ಗುರುಗಳವರು. ಕನ್ನಡ ಕಲಿತು ಏನು ಪ್ರಯೋಜನವೆಂದು ಕೇಳುವ ತಂದೆತಾಯಿಗಳೂ ಆ ಚರಿತ್ರೆಯನ್ನು ಓದಬೇಕು.

ಗ್ರಂಥಪಾಲಕರು ಇಂಥ ಪುಸ್ತಕಗಳನ್ನು ಬೀಗ ಹಾಕಿದ ಕಪಾಟಿನಿಂದ ತೆಗೆದು ಮೇಜಿನ ಮೇಲಿಡಲಿ. ಓದುಬಾರದ ಅಜ್ಜ ಅಜ್ಜಿಯರಿಗೆ ಮಕ್ಕಳು ರಾತ್ರಿ ಎರಡೆರಡು ಪುಟ ಓದಿ ಹೇಳಲಿ. ಕೇಳುತ್ತ ಕೇಳುತ್ತ ಹಿರಿಯರು ತಮ್ಮ ಕಾಲದ ಮಾತು ತೆಗೆದರೆ, ಅದನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಡಲಿ. ನಮ್ಮ ಸೀಮೆಯ ಜೀವನಚರಿತ್ರೆಗಳನ್ನು ಬರೆಯಬೇಕಾದವರು ನಾವೇ.